ಸೆಟ್ಲ್ ಆದ್ಯೇನಪಾ?

ಕಳೆದ ವರ್ಷ ಕೇಶ್ವಾಪುರದಲ್ಲಿ, ಕುಸುಗಲ್ ರೋಡಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ, ನಮ್ಮ ಮನೆಯ ವಾಸ್ತುಶಾಂತಿ ಆಯ್ತು. ರೋಣ ತಾಲೂಕಿನ ನಮ್ಮೂರಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ದೊಡ್ಡಪ್ಪ ಎಲ್ಲ ಖೋಲಿ ತಿರುಗಾಡಿ, ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, ಕಡೆಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಂದರು: “ಅಂತೂ ಸೆಟ್ಲ್ ಆದಿ ನೋಡಪಾ.”

ಬಿ.ಇ. ಮುಗಿದಾಗಿನಿಂದ ಈ ಶಬ್ದ ನನ್ನ ಬೆನ್ನು ಹತ್ತಿದೆ. ಕೆಲಸ ಸಿಕ್ಕಾಗ ಕೇಳಿದರು, ಮದುವೆ ಆದಾಗ ಕೇಳಿದರು, ಮಗಳು ಹುಟ್ಟಿದಾಗಲೂ ಕೇಳಿದರು: ಸೆಟ್ಲ್ ಆದ್ಯೇನಪಾ? ಸ್ವಂತ ಮನೆ ಆದ ಮೇಲೆ ಪ್ರಶ್ನೆ ನಿಂತಿತು. ತಲೆ ಮೇಲೆ 20 ವರ್ಷದ ಹೋಮ್ ಲೋನ್ ಇದೆ ಅನ್ನೋದು ಬೇರೆ ಮಾತು.

ದೊಡ್ಡಪ್ಪ ಕೂತಿದ್ದ ಬಾಲ್ಕನಿಯಿಂದ ಕೆಳಗೆ ನೋಡಿದರೆ ಪಕ್ಕದ ಸೈಟು. ಅಲ್ಲೂ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಾಂಪೌಂಡಿಗೆ ತಾಗಿ ಹನ್ನೊಂದು ಶೆಡ್. ತಗಡಿನ ಗೋಡೆ, ಮೇಲೆ ನೀಲಿ ತಾಡಪತ್ರಿ, ಗಾಳಿಗೆ ಹಾರದಿರಲಿ ಅಂತ ಅದರ ಮೇಲೆ ಹಳೇ ಟೈರು, ಇಟ್ಟಿಗೆ. ನೀರಿಗೆ ಎರಡು ಡ್ರಮ್ಮು. ಶೌಚಾಲಯ ಇರಲಿಲ್ಲ. ಗೌಂಡಿ ಕೆಲಸದವರು ಯಾದಗಿರಿ, ಲಿಂಗಸುಗೂರು ಕಡೆಯವರು, ಸಂಸಾರ ಸಮೇತ ಬಂದವರು. ಸೆಂಟ್ರಿಂಗ್ ಮತ್ತು ಟೈಲ್ಸ್ ಕೆಲಸದ ಹುಡುಗರು ಬಿಹಾರ, ಒಡಿಶಾದವರು.

ಎರಡು ತಿಂಗಳು ಕಳೆಯುವುದರೊಳಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳು ಬರತೊಡಗಿದವು. ವಾಸನೆ, ಸೊಳ್ಳೆ, ಮಕ್ಕಳು ಆಡುವ ಜಾಗದ ಹತ್ತಿರ ‘ಗೊತ್ತಿಲ್ಲದ ಜನ’. ಭಾನುವಾರ ಮೀಟಿಂಗ್ ಆಯ್ತು. ಶೆಡ್ ತೆಗೆಸಬೇಕು ಅಂತ ಪಕ್ಕದ ಬಿಲ್ಡರಿಗೆ ಒಂದು ಪತ್ರ ತಯಾರಾಯ್ತು. ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ. ಓದದೆ ಸಹಿ ಮಾಡಿದೆ ಅಂತ ಈಗ ಹೇಳಿಕೊಳ್ಳಬಹುದು. ಆದರೆ ಓದಿದ್ದೆ.

ಅದೇ ವಾರ ಆಟೋದಲ್ಲಿ ಹೋಗುವಾಗ ಡ್ರೈವರ್ ಕೇಳಿದ: “ಸೆಟ್ಲಮೆಂಟ್ ಮ್ಯಾಲೆ ಹಾಯ್ದು ಹೋಗ್ಲೇನ್ರಿ? ಈ ಕಡೆ ಟ್ರಾಫಿಕ್ ಭಾಳ ಐತಿ.”

ಹುಬ್ಬಳ್ಳಿಯವರಿಗೆ ಇದು ದಿನದ ಮಾತು. ಗಂಗಾಧರ ನಗರದ ಕಡೆಯ ಒಂದು ಪ್ರದೇಶಕ್ಕೆ ಸೆಟ್ಲಮೆಂಟ್ ಅಂತಲೇ ಹೆಸರು. ನಾನು ನೂರು ಸಲ ಕೇಳಿದ ಹೆಸರು ಅದು. ಆದರೆ ಅವತ್ತು ದೊಡ್ಡಪ್ಪನ ‘ಸೆಟ್ಲ್’ ಮತ್ತು ಡ್ರೈವರನ ‘ಸೆಟ್ಲಮೆಂಟ್’ ಒಂದಕ್ಕೊಂದು ಡಿಕ್ಕಿ ಹೊಡೆದವು. ಯಾರು ಸೆಟ್ಲ್ ಆದ ಜಾಗ ಇದು? ಯಾರು ಮಾಡಿಸಿದ್ದು? ಹುಡುಕುತ್ತಾ ಹೋದೆ. ಹುಡುಕಾಟ ಸೆಟ್ಲಮೆಂಟಿನಿಂದ ಶುರುವಾಗಿ ರೈಲ್ವೆಗೆ ಹೋಯ್ತು, ಅಲ್ಲಿಂದ ತಿರುಗಿ ನಮ್ಮ ಕಾಂಪೌಂಡಿಗೇ ಬಂತು.

ಹಳಿ ಹಾಕಿದವರು, ಕ್ವಾರ್ಟರ್ಸ್ ಸಿಕ್ಕವರು

ಇವತ್ತಿನ ಹುಬ್ಬಳ್ಳಿಯನ್ನು ಕಟ್ಟಿದ್ದು ರೈಲು. ರೈಲನ್ನು ತಂದದ್ದು ಬರ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಆ ಬರವನ್ನು ನಮ್ಮ ಕಡೆ ಧಾತು-ಈಶ್ವರ ಸಂವತ್ಸರದ ಬರ ಅಂತ ನೆನೆಸುತ್ತಾರೆ. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇರಲಿಲ್ಲ ಅನ್ನುವುದು ಸರ್ಕಾರಕ್ಕೆ ಆಗ ಅರಿವಾಯ್ತು. ಮುಂದೆ ಬರ ಬಂದರೆ ಇರಲಿ ಅಂತ ಯೋಚಿಸಿದ ಹಳಿಗಳ ಪೈಕಿ ಸದರ್ನ್ ಮರಾಠಾ ರೈಲ್ವೆ ಒಂದು. ಕಂಪನಿ ಹುಟ್ಟಿದ್ದು 1882ರಲ್ಲಿ. ಹುಬ್ಬಳ್ಳಿಯ ವರ್ಕ್‌ಶಾಪ್ ಶುರುವಾದದ್ದು 1885ರಲ್ಲಿ. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇವತ್ತು ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಅದು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂ ಆ್ಯಂಡ್ ಎಸ್ಎಂ ಆದಾಗ ಮುಖ್ಯ ಕಚೇರಿ ಮದ್ರಾಸಿಗೆ ಹೋಯ್ತು. ವರ್ಕ್‌ಶಾಪ್ ಹುಬ್ಬಳ್ಳಿಯಲ್ಲೇ ಉಳಿಯಿತು.

ವರ್ಕ್‌ಶಾಪಿಗೆ ಬೇಕಾದದ್ದು ಕಬ್ಬಿಣ, ಉಗಿ, ಯಂತ್ರ ಬಲ್ಲ ಕೈಗಳು. ಫಿಟ್ಟರ್, ಟರ್ನರ್, ಬಾಯ್ಲರ್ ಕೆಲಸದವರು. ಸುತ್ತಲ ಹಳ್ಳಿಗಳಲ್ಲಿ ಅಂಥವರು ಕಡಿಮೆ. ತಮಿಳು, ತೆಲುಗು ಕುಟುಂಬಗಳು ಬಂದವು, ಆಂಗ್ಲೋ-ಇಂಡಿಯನ್ನರು ಬಂದರು. ಗದಗ ರಸ್ತೆ, ಕೇಶ್ವಾಪುರದ ಸುತ್ತ ಇವತ್ತಿಗೂ ತಮಿಳು, ತೆಲುಗು ಕಿವಿಗೆ ಬೀಳುವುದು ಇದರಿಂದ. ಇಲ್ಲಿನ ಚರ್ಚುಗಳಿಗೂ ರೈಲ್ವೆಗೂ ಹಳೇ ನಂಟು.

ಅವರೂ ವಲಸೆ ಬಂದವರೇ. ಆದರೆ ರೈಲ್ವೆಗೆ ಅವರು ಒಂದು ಸೀಸನ್ನಿಗೆ ಬೇಕಾದವರಲ್ಲ. ಒಬ್ಬ ಫಿಟ್ಟರ್ ತಯಾರಾಗಲು ವರ್ಷಗಳು ಹಿಡಿಯುತ್ತವೆ, ಅವನು ಊರಿಗೆ ಹೋಗಿ ತಿರುಗಿ ಬರದಿದ್ದರೆ ಎಂಜಿನ್ ನಿಲ್ಲುತ್ತದೆ. ಅದಕ್ಕೇ ಕ್ವಾರ್ಟರ್ಸ್ ಕಟ್ಟಿದರು, ಜೊತೆಗೆ ಆಸ್ಪತ್ರೆ, ಶಾಲೆ, ಇನ್‌ಸ್ಟಿಟ್ಯೂಟ್. ರೈಲ್ವೆ ಕಾಲೋನಿಯ ಒಳಗೆ ನಡೆದರೆ ದರ್ಜೆಯೂ ಕಾಣುತ್ತದೆ: ಟೈಪ್ 1, ಟೈಪ್ 2, ಹೀಗೆ ಸಂಬಳ ಏರಿದಂತೆ ಮನೆಯ ಅಳತೆ ಏರುತ್ತದೆ. ಅತಿ ಸಣ್ಣ ಕ್ವಾರ್ಟರ್ಸಿಗೂ ನಂಬರ್ ಇತ್ತು, ನಲ್ಲಿ ಇತ್ತು, ಮುಂದೆ ಒಂದು ಬೇವಿನ ಗಿಡಕ್ಕೆ ಜಾಗ ಇತ್ತು. ನೌಕರನ ಮಗ ಓದಿ ಬ್ಯಾಂಕಿಗೋ ಬೆಂಗಳೂರಿಗೋ ಹೋಗಲು ಅಷ್ಟು ಸಾಕಾಯ್ತು. ಎರಡು ತಲೆಮಾರಿನಲ್ಲಿ ‘ಹೊರಗಿನವರು’ ಅನ್ನುವ ಮಾತೇ ಹೋಯ್ತು.

ಹಾಗಂತ ಕ್ವಾರ್ಟರ್ಸ್ ಅಂದರೆ ಸ್ವಂತ ಮನೆಯಲ್ಲ. ಅದು ಎಷ್ಟು ಕೆಲಸಕ್ಕೆ ಕಟ್ಟಿಬಿದ್ದದ್ದು ಅನ್ನುವುದು 1974ರ ಮೇ ತಿಂಗಳಲ್ಲಿ ಗೊತ್ತಾಯ್ತು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ರೈಲ್ವೆ ನೌಕರರು 20 ದಿನ ಮುಷ್ಕರ ಮಾಡಿದರು. ಆಗ ದೇಶದ ಹಲವು ರೈಲ್ವೆ ಕಾಲೋನಿಗಳಲ್ಲಿ ಪೊಲೀಸರು ಬಂದು ಮುಷ್ಕರ ಮಾಡಿದವರ ಹೆಂಡತಿ ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರಗೆ ಹಾಕಿದರು. ಮಾಲೀಕನೇ ಮನೆ ಕೊಟ್ಟರೆ ಇದೊಂದು ಅಪಾಯ ಇದ್ದೇ ಇದೆ. ಕೆಲಸದ ಜಗಳ ಮನೆಯ ಬಾಗಿಲಿಗೆ ಬರುತ್ತದೆ.

ಇನ್ನೊಂದು ಮಾತು. ವರ್ಕ್‌ಶಾಪಿನ ಕುಶಲ ಕೆಲಸಗಾರರಿಗೆ ಕ್ವಾರ್ಟರ್ಸ್ ಸಿಕ್ಕಿತು. ಅದಕ್ಕೂ ಮುಂಚೆ ಮಣ್ಣು ಅಗೆದು ಹೊತ್ತು ದಿಬ್ಬ ಹಾಕಿದವರಿಗೆ, ಕಲ್ಲು ಒಡೆದವರಿಗೆ? ಅವರ ಬಿಡಾರ ಹಳಿಯ ಜೊತೆಗೇ ಮುಂದೆ ಮುಂದೆ ಸಾಗಿತು. ಹಳಿ ಮುಗಿದಲ್ಲಿ ಕೆಲಸ ಮುಗಿಯಿತು. ಅವರ ನಂಬರ್ ಯಾವ ಗೋಡೆಯ ಮೇಲೂ ಇಲ್ಲ.

ಬೇಲಿ ಹಾಕಿದ ವಸತಿ

ಈಗ ಸೆಟ್ಲಮೆಂಟ್. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಅನ್ನುವುದು ಅದರ ತಿರುಳು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದದ್ದು 1911ರ ಹೊಸ ಕಾಯ್ದೆಯಿಂದ ನಮ್ಮ ಮುಂಬೈ ಪ್ರಾಂತ್ಯಕ್ಕೂ ಬಂತು. ಉಪ್ಪು ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರವರು, ಬೇಟೆಯ ಮೇಲೆ ಬದುಕುತ್ತಿದ್ದ ಹರಣಶಿಕಾರಿಗಳು, ಗಂಟಿಚೋರರು, ಹೀಗೆ ಹಲವರನ್ನು ಪಟ್ಟಿಗೆ ಸೇರಿಸಿದರು. ರೈಲು ಬಂದ ಮೇಲೆ ಎತ್ತಿನ ಹೇರಿನ ವ್ಯಾಪಾರ ಬಿದ್ದುಹೋಗಿತ್ತು. ಅಲೆಮಾರಿಗಳ ಹೊಟ್ಟೆಪಾಡು ಕಿತ್ತುಕೊಂಡದ್ದರಲ್ಲಿ ಹಳಿಯ ಪಾಲೂ ಇತ್ತು ಅನ್ನುವುದನ್ನು ಯಾರೂ ಪಟ್ಟಿ ಮಾಡಲಿಲ್ಲ.

ಇವರಿಗಾಗಿ ಬಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳಾದವು. ಇಡೀ ವ್ಯವಸ್ಥೆಯನ್ನು ನೋಡಿಕೊಂಡವನು ಓ.ಎಚ್.ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ, ಕಚೇರಿ ಧಾರವಾಡದಲ್ಲಿ. ಹುಬ್ಬಳ್ಳಿ ಸೆಟ್ಲಮೆಂಟಿನ ಸುತ್ತ ತಂತಿ ಬೇಲಿ. ಹೊತ್ತುಹೊತ್ತಿಗೆ ಹಾಜರಿ. ಹೊರಗೆ ಹೋಗಲು ಪಾಸ್. ಮಕ್ಕಳಿಗೆ ಶಾಲೆ ಕಡ್ಡಾಯ. ಆ ಕಾಲಕ್ಕೆ ಹುಬ್ಬಳ್ಳಿಯ ಬಡವರ ಮಕ್ಕಳಿಗೆ ಸಿಗದ ಶಾಲೆ ಅದು ಅನ್ನುವುದೂ ನಿಜ. ದೊಡ್ಡವರಿಗೆ ಕೆಲಸ ಎಲ್ಲಿ? ನೂಲಿನ ಮಿಲ್ಲಿನಲ್ಲಿ ಮತ್ತು ಅದೇ ರೈಲ್ವೆ ವರ್ಕ್‌ಶಾಪಿನಲ್ಲಿ.

ಇದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಒಂದೇ ಊರು, ಒಂದೇ ವರ್ಕ್‌ಶಾಪು. ಒಬ್ಬ ಕೆಲಸಗಾರ ಸಂಜೆ ಕ್ವಾರ್ಟರ್ಸಿಗೆ ಹೋಗುತ್ತಾನೆ, ಇನ್ನೊಬ್ಬ ಬೇಲಿಯೊಳಗೆ ಹೋಗಿ ಹಾಜರಿ ಹಾಕಿಸುತ್ತಾನೆ. ನಗರಕ್ಕೆ ಇಬ್ಬರ ಕೈಯೂ ಬೇಕಿತ್ತು. ಒಬ್ಬ ಓಡಿಹೋಗದಿರಲಿ ಅಂತ ಸೌಕರ್ಯ ಕೊಟ್ಟಿತು, ಇನ್ನೊಬ್ಬ ಓಡಿಹೋಗದಿರಲಿ ಅಂತ ತಂತಿ ಕಟ್ಟಿತು.

ಕಾಯ್ದೆ ರದ್ದಾಗಿ ಈ ಸಮುದಾಯಗಳು ದೇಶದಾದ್ಯಂತ ವಿಮುಕ್ತರಾದದ್ದು 1952ರ ಆಗಸ್ಟ್ 31ಕ್ಕೆ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಬೇಲಿ ಹೋಯ್ತು, ಹೆಸರು ಹೋಗಲಿಲ್ಲ. ಅಡ್ರೆಸ್ಸಿನಲ್ಲಿ ‘ಸೆಟ್ಲಮೆಂಟ್’ ಅಂತ ಇದ್ದರೆ ಕೇಳುವವರ ಮುಖ ಹೇಗೆ ಬದಲಾಗುತ್ತದೆ ಅಂತ ಅಲ್ಲಿ ಬೆಳೆದ ಒಬ್ಬ ಗೆಳೆಯ ನನಗೆ ಹೇಳಿದ್ದಾನೆ. ನಮ್ಮ ವಾಟ್ಸಾಪ್ ಗ್ರೂಪಿನ ‘ಗೊತ್ತಿಲ್ಲದ ಜನ’ ಅನ್ನುವ ಮಾತು ನೆನಪಾಯ್ತು.

ರೋಗ ಬಂದಾಗ ಕಾಣುವ ಮನೆಗಳು

ನಗರಗಳು ಬಡವರ ಮನೆಯೊಳಗೆ ಇಣುಕಿ ನೋಡುವ ಇನ್ನೊಂದು ಸಂದರ್ಭ ಇದೆ: ಸಾಂಕ್ರಾಮಿಕ ರೋಗ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಹಳಿಯ ಗುಂಟ ನಮ್ಮ ಕಡೆಗೂ ಬಂತು. ಹಾಫ್‌ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಲಸಿಕೆಯ ಚರಿತ್ರೆಯಲ್ಲಿ ನಮ್ಮ ಊರಿನ ಹೆಸರು ಬರುವುದು ಹೀಗೆ. ಮುಂಬೈಯಲ್ಲಿ 1898ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಾದ ವಸತಿಗಳನ್ನು ಕೆಡವುವುದು ಅದರ ಮೊದಲ ಉತ್ಸಾಹ, ಕಟ್ಟುವುದು ಆಮೇಲಿನದು. 1920ರ ದಶಕದಲ್ಲಿ ಸರ್ಕಾರ ಮಿಲ್ ಕೆಲಸಗಾರರಿಗಾಗಿ ವರ್ಳಿ, ನಾಯಗಾಂವ್ ಮುಂತಾದ ಕಡೆ ಬಿಡಿಡಿ ಚಾಳುಗಳನ್ನು ಕಟ್ಟಿಸಿತು. ಒಂದು ಖೋಲಿಗೆ 160 ಚದರ ಅಡಿ. ನಮ್ಮ ಮನೆಯ ಮಾಸ್ಟರ್ ಬೆಡ್‌ರೂಮ್ ಅಷ್ಟೇ ಇದೆ. ಅಳತೆ ಮಾಡಿ ನೋಡಿದೆ.

ನೂರು ವರ್ಷದ ನಂತರ ಅದೇ ಕಥೆ ಸಿಂಗಾಪುರದಲ್ಲಿ. ಜಗತ್ತಿನ ಶ್ರೀಮಂತ ನಗರಗಳಲ್ಲಿ ಒಂದು ಅದು. ಆ ಊರನ್ನು ಕಟ್ಟುವ ತಮಿಳುನಾಡು, ಬಾಂಗ್ಲಾದೇಶ, ಚೀನಾದ ಮೂರು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಡಾರ್ಮಿಟರಿಗಳಲ್ಲಿ ಇರುತ್ತಾರೆ. ನಾನು ಪ್ರಾಜೆಕ್ಟ್ ಮೇಲೆ ಆರು ತಿಂಗಳು ಅಲ್ಲಿದ್ದೆ. ಅವರು ಲಾರಿಯ ಹಿಂದೆ ಕೂತು ಕೆಲಸಕ್ಕೆ ಹೋಗುವುದನ್ನು ದಿನಾ ಕಂಡೆ, ಎಲ್ಲಿ ಮಲಗುತ್ತಾರೆ ಅಂತ ಒಂದು ದಿನವೂ ಕೇಳಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಆ ಡಾರ್ಮಿಟರಿಗಳಲ್ಲಿ ಹಬ್ಬಿದಾಗ ಒಂದು ಕೋಣೆಯಲ್ಲಿ ಎಷ್ಟು ಮಂಚ ಅನ್ನುವುದು ಇಡೀ ಜಗತ್ತಿನ ಸುದ್ದಿಯಾಯ್ತು.

ನಮ್ಮಲ್ಲಿ ಅದೇ ಹೊತ್ತಿಗೆ ನಡೆದದ್ದಕ್ಕೂ ಕೇಶ್ವಾಪುರಕ್ಕೂ ಸಂಬಂಧ ಇದೆ. ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಿದ್ದ ಕೆಲಸಗಾರರಿಗಾಗಿ ಮೇ 1ರಿಂದ ಶ್ರಮಿಕ್ ರೈಲುಗಳು ಶುರುವಾದವು. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಮೇಲೆ, ನಾಳೆಯಿಂದ ರೈಲು ಬೇಡ ಅಂತ ರಾಜ್ಯ ಸರ್ಕಾರ ಪತ್ರ ಬರೆಯಿತು. ಆ ಪತ್ರ ಯಾರಿಗೆ? ನೈಋತ್ಯ ರೈಲ್ವೆಯ ಜನರಲ್ ಮ್ಯಾನೇಜರರಿಗೆ. 2003ರಲ್ಲಿ ಶುರುವಾದ ಆ ವಲಯದ ಮುಖ್ಯ ಕಚೇರಿ ಗದಗ ರಸ್ತೆಯ ರೈಲ್ ಸೌಧ, ನಮ್ಮ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ. ದೇಶದ ತುಂಬ ಟೀಕೆ ಬಂದು ಎರಡೇ ದಿನದಲ್ಲಿ ಸರ್ಕಾರ ಮನಸ್ಸು ಬದಲಿಸಿತು. ಆದರೆ ಆ ಎರಡು ದಿನದಲ್ಲಿ ಒಂದು ಸತ್ಯ ಬಯಲಾಯ್ತು. ಊರಿಗೆ ಹೋಗುತ್ತೇನೆ ಅಂದವರನ್ನು ಹಿಡಿದಿಡುವಷ್ಟು ಅವರು ನಮಗೆ ಬೇಕು. ಇರುವಷ್ಟು ದಿನ ಅವರಿಗೆ ಗೋಡೆ ಕಟ್ಟಿಕೊಡುವಷ್ಟು ಬೇಡ.

ಕಾಗದದ ಮೇಲಿನ ಮನೆ

ಕಾನೂನು ಇಲ್ಲ ಅಂತಲ್ಲ. 2025ರವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರಕಾರ ಹೊರರಾಜ್ಯದಿಂದ ಕರೆತಂದ ಕೆಲಸಗಾರರಿಗೆ ಕಂತ್ರಾಟುದಾರ ವಾಸಕ್ಕೆ ಯೋಗ್ಯವಾದ ಜಾಗ ಕೊಡಬೇಕಿತ್ತು. ಬಿಹಾರದ ಹುಡುಗ ಇದರಲ್ಲಿ ಬರುತ್ತಿದ್ದ. ಯಾದಗಿರಿಯ ಗೌಂಡಿ ಬರುತ್ತಿರಲಿಲ್ಲ. ಅವನು ರಾಜ್ಯದ ಗಡಿ ದಾಟಿಲ್ಲವಲ್ಲ!

2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಇನ್ನೂ ಸ್ಪಷ್ಟವಾಗಿತ್ತು. ಅದರ 34ನೇ ಕಲಮು, ಕೆಲಸ ನಡೆಯುವಷ್ಟು ದಿನ ಸೈಟಿನಲ್ಲೇ ಅಥವಾ ಆದಷ್ಟು ಹತ್ತಿರದಲ್ಲಿ ಕೆಲಸಗಾರರಿಗೆ ಪುಕ್ಕಟೆ ವಸತಿ ಕೊಡಬೇಕು ಅನ್ನುತ್ತಿತ್ತು. ಅಡುಗೆ ಮಾಡಲು, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕಿತ್ತು. ಅಂದರೆ ಪಕ್ಕದ ಸೈಟಿನ ಶೆಡ್ ಅಕ್ರಮ ಅಲ್ಲ. ಶೌಚಾಲಯ ಇಲ್ಲದ್ದು ಅಕ್ರಮ. ನಾವು ಸಹಿ ಹಾಕಿದ ಪತ್ರ ಪೂರಾ ಉಲ್ಟಾ ಇತ್ತು.

ಅದೇ ಕಲಮಿನಲ್ಲಿ ಮುಂದೆ ಇನ್ನೊಂದು ಮಾತಿತ್ತು. ಕೆಲಸ ಮುಗಿದ ಮೇಲೆ ಮಾಲೀಕ ತನ್ನ ಖರ್ಚಿನಲ್ಲಿ ಶೆಡ್ ಕಿತ್ತು, ನೆಲವನ್ನು ಸಮ ಮಾಡಿ, ಸ್ವಚ್ಛ ಮಾಡಿ ಬಿಡಬೇಕಿತ್ತು. ನೆಲದ ಗತಿ ಏನು ಅಂತ ಕಾನೂನಿನಲ್ಲಿತ್ತು. ಅಲ್ಲಿದ್ದ ಜನ ಎಲ್ಲಿಗೆ ಹೋಗಬೇಕು ಅಂತ ಇರಲಿಲ್ಲ.

2020ರಲ್ಲಿ ಸಂಸತ್ತು ಈ ಹಳೇ ಕಾನೂನುಗಳನ್ನು ಒಂದೇ ಸಂಹಿತೆಗೆ ಸೇರಿಸಿತು. ಅದೇ ವರ್ಷ ಜುಲೈನಲ್ಲಿ, ಲಕ್ಷಾಂತರ ಜನ ಹೆದ್ದಾರಿಯಲ್ಲಿ ನಡೆದುಹೋದದ್ದನ್ನು ನೋಡಿದ ಮೇಲೆ, ಕೇಂದ್ರ ಸರ್ಕಾರ ನಗರಗಳಲ್ಲಿ ಕಡಿಮೆ ಬಾಡಿಗೆ ಮನೆಗಳ ಯೋಜನೆ ತಂದಿತು. ಕಟ್ಟಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ವಲಸಿಗರಿಗೆ ಬಾಡಿಗೆಗೆ ಕೊಡುವುದು ಅದರಲ್ಲಿ ಒಂದು ದಾರಿ. ಕೇರಳ ಅದಕ್ಕೂ ಮೊದಲೇ, 2019ರಲ್ಲಿ, ಪಾಲಕ್ಕಾಡಿನ ಕಂಜಿಕೋಡ್‌ನಲ್ಲಿ ಹೊರರಾಜ್ಯದ ಕೆಲಸಗಾರರಿಗಾಗಿ 600ಕ್ಕೂ ಹೆಚ್ಚು ಹಾಸಿಗೆಯ ‘ಅಪ್ನಾ ಘರ್’ ತೆರೆದಿತ್ತು. ಇದರ ವಿಶೇಷ ಇಷ್ಟೇ: ಮನೆ ಒಬ್ಬ ಮಾಲೀಕನ ಸೈಟಿಗೆ ಅಂಟಿಕೊಂಡಿಲ್ಲ. ಒಂದು ಕಟ್ಟಡ ಮುಗಿದರೆ ಹಾಸಿಗೆ ಸುತ್ತುವ ಗರಜಿಲ್ಲ.

ನಾವೂ ಬಂದವರೇ

ಇದನ್ನೆಲ್ಲ ಓದುವಾಗ ಪದೇ ಪದೇ ಕಾಕಾ ನೆನಪಾದರು. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್ ಮೇಲೆ ಗೋವಾಕ್ಕೆ ಹೋಗುವ ಹಳಿ ಹಾಕಿದ್ದು 1880ರ ದಶಕದಲ್ಲಿ. ಗದಗ, ಬಾಗಲಕೋಟೆ ಕಡೆಯ ಸಾವಿರಾರು ಕುಟುಂಬಗಳು ಆ ಹಳಿ ಹಿಡಿದೇ ವಾಸ್ಕೋಕ್ಕೆ ದುಡಿಯಲು ಹೋದವು. ಕಾಕಾ ಅಲ್ಲಿ ಬಂದರಿನ ಹಮಾಲಿ, ಗೌಂಡಿ ಕೆಲಸ ಮಾಡಿಕೊಂಡು 18 ವರ್ಷ ಇದ್ದು ಊರಿಗೆ ಬಂದರು. ಬೈನಾ ಸಮುದ್ರ ದಂಡೆಯಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಮನೆಗಳನ್ನು ಕೆಡವಿದಾಗ ಅವುಗಳಲ್ಲಿ ಕನ್ನಡಿಗರ ಮನೆಗಳೂ ಇದ್ದವು. ಎರಡನೇ ಸಲದ ಸುದ್ದಿಯನ್ನು ಕಾಕಾ ಟಿವಿಯಲ್ಲಿ ನೋಡಿದ್ದು ನನಗೆ ನೆನಪಿದೆ. ಜೆಸಿಬಿ ಹಿಂದೆ ಕಾಣುವ ಗಲ್ಲಿಯನ್ನು ಬೆರಳು ಮಾಡಿ ತೋರಿಸಿ, “ಇಲ್ಲೇ ನೀರಿಗೆ ಪಾಳಿ ಹಚ್ಚತಿದ್ವಿ” ಅಂದರು. ಬೇರೇನೂ ಅನ್ನಲಿಲ್ಲ. ಅವತ್ತು ನನಗೆ ಗೋವಾದವರ ಮೇಲೆ ಸಿಟ್ಟು ಬಂದಿತ್ತು.

ನಾನೂ ಬೆಂಗಳೂರಿಗೆ ಹೋದಾಗ ಬಿಟಿಎಂ ಲೇಔಟಿನ ಪಿಜಿಯಲ್ಲಿ ಒಂದು ರೂಮಿನಲ್ಲಿ ನಾಲ್ವರು ಇದ್ದೆವು. ಇಕ್ಕಟ್ಟು ಅಂದರೆ ಅದೂ ಇಕ್ಕಟ್ಟೇ. ಆದರೆ ಮಾಲೀಕ ನನ್ನ ಆಫರ್ ಲೆಟರ್ ನೋಡಿ ಬೀಗದ ಕೈ ಕೊಟ್ಟ. ಯಾರೂ ನನ್ನನ್ನು ವಲಸಿಗ ಅನ್ನಲಿಲ್ಲ. ಊರು ಬಿಟ್ಟದ್ದು ಇಬ್ಬರೂ ಹೌದು. ಕಾಕಾ ‘ದುಡಿಯಾಕ ಹೋದವರು’, ನಾನು ‘ಜಾಬ್ ಸಿಕ್ಕವನು’.

ಮುಂದಿನ ಮೀಟಿಂಗಿನಲ್ಲಿ ನಾನು 34ನೇ ಕಲಮಿನ ಪ್ರಿಂಟ್ ತಗೊಂಡು ಹೋದೆ. ಭಾಷಣ ಮಾಡಲಿಲ್ಲ, ನನಗೆ ಬರುವುದೂ ಇಲ್ಲ. ಪತ್ರ ಬದಲಿಸೋಣ, ಶೆಡ್ ತೆಗೀರಿ ಅನ್ನುವ ಬದಲು ಶೌಚಾಲಯ ಕಟ್ಟಿಸ್ರಿ, ನೀರು ಕೊಡ್ರಿ ಅಂತ ಕೇಳೋಣ, ವಾಸನೆಯೂ ಅದರಿಂದಲೇ ಹೋಗುತ್ತೆ ಅಂದೆ. ಒಬ್ಬರು “ನಿಮಗ್ಯಾಕ್ರಿ ಊರ ಉಸಾಬರಿ” ಅಂದರು. ರೈಲ್ವೆಯಿಂದ ರಿಟೈರ್ ಆದ ಹಿರಿಯರೊಬ್ಬರು ನನ್ನ ಕೈಯಿಂದ ಪ್ರಿಂಟ್ ತಗೊಂಡು ಓದಿ, “ನಾ ಹುಟ್ಟಿದ್ದ ಟೈಪ್ ಒನ್ ಕ್ವಾರ್ಟರ್ಸಿನಾಗ. ಅದೊಂದು ಇರಲಿಲ್ಲಂದ್ರ ನಾನೂ ಇಲ್ಲಿ ಇರತಿರಲಿಲ್ಲ” ಅಂತ ಮೊದಲ ಸಹಿ ಹಾಕಿದರು. ಬಿಲ್ಡರ್ ತಿಂಗಳ ಮೇಲೆ ಎರಡು ಶೌಚಾಲಯ ಕಟ್ಟಿಸಿದ, ಒಂದು ಸಿಂಟೆಕ್ಸ್ ಇಟ್ಟ. ಆದದ್ದು ಅಷ್ಟೇ.

ಒಂದು ದಿನ ಆ ಗೌಂಡಿಗಳಲ್ಲಿ ಹಿರಿಯನೊಬ್ಬ ಗೇಟಿನ ಹತ್ತಿರ ಮಾತಿಗೆ ಸಿಕ್ಕ. ನಮ್ಮ ಬಿಲ್ಡಿಂಗ್ ಕಡೆ ನೋಡಿ, “ಇದರ ಸ್ಲ್ಯಾಬಿಗೂ ನಾವ ಇದ್ವಿರಿ ಸರ. ಮಳಿಗಾಲದಾಗ ಶೆಡ್ಡಿನ್ಯಾಗ ನೀರು ಬಂದ್ರ ಎಲ್ಲಾರೂ ಎರಡನೇ ಮಾಳಿಗಿಗೆ ಹತ್ತಿ ಮಲಗತಿದ್ವಿ. ಆಗಿನ್ನ ಕಿಡಕಿ ಕೂಡಿಸಿರಲಿಲ್ಲ” ಅಂದ. ಎರಡನೇ ಮಹಡಿಯಲ್ಲಿ ಯಾವ ಕಡೆ ಅಂತ ನಾನು ಕೇಳಲಿಲ್ಲ.

ಈ ಮಾರ್ಚಿನಲ್ಲಿ ಪಕ್ಕದ ಕಟ್ಟಡ ಮುಗಿಯಿತು. ಒಂದು ಬೆಳಿಗ್ಗೆ ಹನ್ನೊಂದೂ ಶೆಡ್ ಬಿಚ್ಚಿದರು. ಕಾನೂನಿನಲ್ಲಿ ಹೇಳಿದಂತೆ ನೆಲ ಸಮ ಮಾಡಿ, ಸ್ವಚ್ಛ ಮಾಡಿದರು. ಇನ್ನು ಎಲ್ಲಿಗೆ ಅಂತ ಕೇಳಿದ್ದಕ್ಕೆ ಆ ಹಿರಿಯ, “ಗೋಕುಲ ರೋಡ್ ಕಡೆ ಒಂದು ಸೈಟ್ ಐತಂತ್ರಿ. ಇಲ್ಲಂದ್ರ ಗೋವಾ” ಅಂದ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಮಂದಿ ಈ ವರ್ಷವೋ ಮುಂದಿನ ವರ್ಷವೋ ಫ್ಲ್ಯಾಟ್ ನೋಡಲು ಹೋಗುವವರು. ಕಾರ್ಪೆಟ್ ಏರಿಯಾ ಕೇಳುತ್ತೀರಿ, ಪಾರ್ಕಿಂಗ್ ಕೇಳುತ್ತೀರಿ, ಲಿಫ್ಟ್ ಯಾವ ಕಂಪನಿಯದು ಅಂತ ಕೇಳುತ್ತೀರಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ಕಟ್ಟುತ್ತಿರುವವರು ಎಲ್ಲಿ ಮಲಗುತ್ತಾರೆ, ಅವರಿಗೆ ನೀರು, ಶೌಚಾಲಯ ಎಲ್ಲಿದೆ, ಒಮ್ಮೆ ತೋರಿಸ್ರಿ. ದುಡ್ಡು ಕೊಡುವ ಗಿರಾಕಿ ಕೇಳಿದರೆ ಬಿಲ್ಡರ್ ಉತ್ತರ ಹೇಳಲೇಬೇಕಾಗುತ್ತದೆ. ನಾನು ಬುಕಿಂಗ್ ಮಾಡುವಾಗ ಕೇಳಿರಲಿಲ್ಲ.